ಸೋಲು ಶುರುವಾಗುವುದು ಕಾಳಗಕ್ಕಿಂತ ಮೊದಲು

‘ಏಜ್ ಆಫ್ ಎಂಪೈರ್ಸ್ 2’, ‘ಸ್ಟಾರ್‌ಕ್ರಾಫ್ಟ್ 2’ ಮುಂತಾದ ರಿಯಲ್ ಟೈಮ್ ಸ್ಟ್ರಾಟಜಿ ಆಟಗಳಲ್ಲಿ ಚದುರಂಗದಂತೆ ಸರದಿ ಕಾಯುವ ಪದ್ಧತಿಯಿಲ್ಲ. ಇಬ್ಬರೂ ಏಕಕಾಲಕ್ಕೆ ಸಂಪನ್ಮೂಲ ಕೂಡಿಸುತ್ತ, ಕಟ್ಟಡ ಕಟ್ಟುತ್ತ, ಸೈನ್ಯ ಬೆಳೆಸುತ್ತ, ಮಬ್ಬು ಕವಿದ ನಕ್ಷೆಯಲ್ಲಿ ಎದುರಾಳಿಯ ಉದ್ದೇಶವನ್ನು ಊಹಿಸುತ್ತ ಆಡುತ್ತಾರೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪದಲ್ಲಿ ಈ ಆಟಗಳ ಗೀಳು ಹತ್ತಿದ ಯುವಕರು ಸೋತ ಪಂದ್ಯದ ಕಥೆಯನ್ನು ಸಾಮಾನ್ಯವಾಗಿ ಕೊನೆಯ ಕಾಳಗದಿಂದ ಹೇಳಲು ತೊಡಗುತ್ತಾರೆ: ಎದುರಾಳಿಯ ನೈಟ್‌ಗಳು (ಕುದುರೆ ಸವಾರ ಯೋಧರು) ನುಗ್ಗಿದವು, ತಡೆಯಲಾಗಲಿಲ್ಲ. ಆದರೆ ಲೆಕ್ಕ ಬಿಡಿಸಿ ನೋಡಿದರೆ ಆ ಸೋಲು ಬಹಳ ಮೊದಲೇ ನಿರ್ಧಾರವಾಗಿರುತ್ತದೆ.

‘ಏಜ್ ಆಫ್ ಎಂಪೈರ್ಸ್ 2’ರಲ್ಲಿ ಒಬ್ಬ ವಿಲೇಜರ್‌ಗೆ, ಎಂದರೆ ಸಂಪನ್ಮೂಲ ಕೂಡಿಸುವ ಕೆಲಸಗಾರನಿಗೆ, 50 ಆಹಾರ ತಗಲುತ್ತದೆ, ಟೌನ್ ಸೆಂಟರ್ ಎಂಬ ಮುಖ್ಯ ಕಟ್ಟಡ ಅವನನ್ನು ರೂಪಿಸಲು 25 ಸೆಕೆಂಡು ತೆಗೆದುಕೊಳ್ಳುತ್ತದೆ. ಆಹಾರಕ್ಕೆ ಕುರಿ ಹುಡುಕುವುದರಲ್ಲೋ, ಹೊಸಬರಿಗೆ ಜಾಗ ಮಾಡಿಕೊಡುವ ಮನೆ ಕಟ್ಟಲು ಮರೆತದ್ದರಿಂದಲೋ ಟೌನ್ ಸೆಂಟರ್ ಆರಂಭದಲ್ಲಿ ಒಟ್ಟು 100 ಸೆಕೆಂಡು ಸುಮ್ಮನಿದ್ದರೆ ನಾಲ್ವರು ವಿಲೇಜರ್‌ಗಳು ಕಡಿಮೆಯಾದಂತಾಯಿತು. ಒಬ್ಬೊಬ್ಬರೂ ನಿಮಿಷಕ್ಕೆ ಸರಿಸುಮಾರು 20 ಘಟಕದಷ್ಟು ಸಂಗ್ರಹಿಸುತ್ತಾರೆಂದು ಹಿಡಿದರೆ ಹತ್ತು ನಿಮಿಷದಲ್ಲಿ 800 ಘಟಕಗಳ ಕೊರತೆ. ಒಬ್ಬ ನೈಟ್‌ನ ಬೆಲೆ 60 ಆಹಾರ, 75 ಚಿನ್ನ. ಎಂದರೆ ಐದಾರು ನೈಟ್‌ಗಳು ಹುಟ್ಟುವ ಮೊದಲೇ ಇಲ್ಲವಾದರು. ಕಾಳಗದಲ್ಲಿ ಕೈಚಳಕ ಸಾಲಲಿಲ್ಲವೆಂದು ನೊಂದುಕೊಳ್ಳುವ ಆಟಗಾರನ ಕಣ್ಣಿಗೆ ಈ ಕೊರತೆ ಬೀಳುವುದೇ ಇಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಕೆಟ್ಟದ್ದು ನಡೆದಿರಲಿಲ್ಲ.

ಕಾಫಿ ಬೆಳೆಗಾರರಿಗೆ ಈ ಬಗೆಯ ಯೋಚನೆ ಹೊಸದಲ್ಲ. ಕೊಯ್ಲಿನಲ್ಲಿ ಫಸಲು ಕಡಿಮೆಯಾದರೆ ಅವರು ಹಿಂದಕ್ಕೆ ಹೋಗಿ, ಗಿಡ ಹೂಬಿಡಲು ಬೇಕಾದ ಫೆಬ್ರವರಿ–ಮಾರ್ಚ್‌ನ ಹೂಮಳೆ ಸಕಾಲಕ್ಕೆ ಬಿದ್ದಿತ್ತೇ, ಅದರ ಬೆನ್ನಿಗೆ ಕಾಯಿ ಕಟ್ಟಲು ನೆರವಾಗುವ ಬ್ಯಾಕಿಂಗ್ ಮಳೆ ಬಂದಿತ್ತೇ ಎಂದು ನೋಡುತ್ತಾರೆ.

ಆಟಗಾರನಿಗೆ ಹೀಗೆ ಹಿಂದಕ್ಕೆ ಹೋಗುವ ದಾರಿ ರೀಪ್ಲೇ, ಎಂದರೆ ಮುಗಿದ ಪಂದ್ಯದ ದಾಖಲೆಯ ಕಡತ. ಈ ಕಡತದಲ್ಲಿ ವಿಡಿಯೊ ಇರುವುದಿಲ್ಲ. ಆಟಗಾರರು ಕೊಟ್ಟ ಆಜ್ಞೆಗಳು ಮಾತ್ರ ಇರುತ್ತವೆ. ತೆರೆದಾಗ ಆಟವೇ ಅವನ್ನೆಲ್ಲ ಮತ್ತೆ ನಡೆಸಿ ತೋರಿಸುತ್ತದೆ. ಆದ್ದರಿಂದಲೇ ಅದರ ಗಾತ್ರ ಚಿಕ್ಕದು. ಜುಲೈನ ಜಡಿಮಳೆಗೆ ನೆಟ್‌ವರ್ಕ್ ಕೈಕೊಟ್ಟ ದಿನವೂ ಲ್ಯಾಪ್‌ಟಾಪ್‌ನಲ್ಲಿ ಉಳಿಸಿಟ್ಟ ಪಂದ್ಯವನ್ನು ಕೂತು ನೋಡಬಹುದೆಂಬುದು ಕೊಡಗಿನವರಿಗೆ ಸಣ್ಣ ಅನುಕೂಲವಲ್ಲ. ನೋಡುವಾಗ ಕಾಳಗವನ್ನು ಬಿಟ್ಟು, ಎದುರಾಳಿಗಿಂತ ನಮ್ಮ ವಿಲೇಜರ್‌ಗಳ ಸಂಖ್ಯೆ ಮೊದಲು ಹಿಂದೆ ಬಿದ್ದ ಕ್ಷಣವನ್ನು ಹುಡುಕಬೇಕು; ಅಲ್ಲಿ ಕಂಡ ಒಂದೇ ಒಂದು ದೋಷವನ್ನು ಮುಂದಿನ ಪಂದ್ಯಗಳಲ್ಲಿ ತಿದ್ದಬೇಕು. ಮನೋವಿಜ್ಞಾನಿ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು 1993ರಲ್ಲಿ ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಅಧ್ಯಯನದಲ್ಲಿ ವಿವರಿಸಿದ ಉದ್ದೇಶಪೂರ್ವಕ ಅಭ್ಯಾಸದ ತಿರುಳೂ ಇದೇ: ನಿರ್ದಿಷ್ಟ ಕೊರತೆ, ಅದಕ್ಕೆ ತಕ್ಕ ಸಾಧನೆ, ಒಡನೆಯೇ ಸಿಗುವ ಫಲಿತಾಂಶ. ಬರಿದೇ ಪಂದ್ಯದ ಮೇಲೆ ಪಂದ್ಯ ಆಡುವುದು ಈ ಅಭ್ಯಾಸವಲ್ಲ.

ಯಾವ ಕೊರತೆಯನ್ನು ಮೊದಲು ತಿದ್ದಬೇಕೆಂಬುದೂ ಆಟಗಾರನ ಮಟ್ಟಕ್ಕೆ ತಕ್ಕಂತೆ ಬದಲಾಗುತ್ತದೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ‘ಸ್ಟಾರ್‌ಕ್ರಾಫ್ಟ್ 2’ರ ಏಳು ಮಟ್ಟಗಳ 3,360 ಆಟಗಾರರ ರೀಪ್ಲೇಗಳನ್ನು ವಿಶ್ಲೇಷಿಸಿ, ಒಂದು ಮಟ್ಟದವರನ್ನು ಇನ್ನೊಂದು ಮಟ್ಟದವರಿಂದ ಬೇರ್ಪಡಿಸುವ ಗುಣಗಳು ಎಲ್ಲೆಡೆಯೂ ಒಂದೇ ಅಲ್ಲವೆಂದು ತೋರಿಸಿದರು. ಅಂತರರಾಷ್ಟ್ರೀಯ ಆಟಗಾರರ ಕೀಲಿಮಣೆಯ ವೇಗವನ್ನು ಹೊಸಬರು ಅನುಕರಿಸುವುದು ನನ್ನ ದೃಷ್ಟಿಯಲ್ಲಿ ಶ್ರಮದ ಅಪವ್ಯಯ.

ಇನ್ನು ಗೆಲುವಿನ ಎಣಿಕೆಯನ್ನು ಪ್ರಗತಿಯ ಅಳತೆಯೆಂದು ನಂಬಿದರೆ ನಿರಾಸೆ ಖಚಿತ. ಚದುರಂಗಕ್ಕಾಗಿ ಆರ್ಪಾಡ್ ಎಲೊ ರೂಪಿಸಿದ, ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವಾದ ಫಿಡೆ 1970ರಲ್ಲಿ ಅಂಗೀಕರಿಸಿದ, ಆಟಗಾರನ ಬಲವನ್ನು ಅಂಕಿಯಲ್ಲಿ ಅಳೆಯುವ ರೇಟಿಂಗ್ ಕ್ರಮದ ಮಾದರಿಯಲ್ಲೇ ಇಲ್ಲಿಯೂ ಸಮಬಲದ ಎದುರಾಳಿಯನ್ನು ಹುಡುಕಿಕೊಡಲಾಗುತ್ತದೆ. ಆಟ ಸುಧಾರಿಸಿದಷ್ಟೂ ಎದುರಾಳಿ ಬಲಿಷ್ಠನಾಗುತ್ತಾನೆ, ಸೋಲು–ಗೆಲುವು ಅರ್ಧರ್ಧದ ಆಸುಪಾಸಿನಲ್ಲೇ ನಿಲ್ಲುತ್ತವೆ. ಟೌನ್ ಸೆಂಟರ್ ಎಷ್ಟು ಸೆಕೆಂಡು ಸುಮ್ಮನಿತ್ತು ಎಂಬ ಲೆಕ್ಕಕ್ಕಾದರೋ ಎದುರಾಳಿ ಯಾರೆಂಬುದರ ಹಂಗು ಬಹಳ ಕಡಿಮೆ.

ವಯಸ್ಸಿನ ಪ್ರಶ್ನೆಯೂ ಉಂಟು. ಅದೇ ವಿಶ್ವವಿದ್ಯಾಲಯದ 2014ರ ಅಧ್ಯಯನದಲ್ಲಿ, ಕಂಡದ್ದಕ್ಕೆ ಪ್ರತಿಕ್ರಿಯಿಸುವ ವೇಗ ಸುಮಾರು 24ನೇ ವಯಸ್ಸಿನಿಂದಲೇ ಇಳಿಯತೊಡಗುವುದು ಕಂಡುಬಂದಿತು. ಹಿರಿಯ ಆಟಗಾರರು ಶಾರ್ಟ್‌ಕಟ್ ಕೀಲಿಗಳನ್ನು ಹೆಚ್ಚು ಬಳಸಿ, ಸರಳ ತಂತ್ರಗಳನ್ನು ಆರಿಸಿಕೊಂಡು ಆ ನಷ್ಟವನ್ನು ತುಂಬಿಕೊಳ್ಳುವ ಸೂಚನೆಗಳೂ ಅದೇ ದತ್ತಾಂಶದಲ್ಲಿದ್ದವು.