ಗೋದಲಿಯ ಎತ್ತು ಎಲ್ಲಿಂದ ಬಂತು? ಯೇಸುವಿನ ಕಥೆಗೆ ಸೇರಿಕೊಂಡ ದೃಶ್ಯಗಳ ಹಿನ್ನೆಲೆ

ಡಿಸೆಂಬರ್ ಬಂತೆಂದರೆ ಮಂಗಳೂರಿನಿಂದ ಬೆಂಗಳೂರಿನವರೆಗೆ ಕ್ರೈಸ್ತರ ಮನೆಗಳಲ್ಲಿ ಗೋದಲಿ ಕಟ್ಟುವ ಸಡಗರ. ಹುಲ್ಲಿನ ಮಾಡು, ಅದರಡಿ ಮಾತೆ ಮರಿಯ, ಜೋಸೆಫರು, ಬಾಲಯೇಸು, ಒಂದು ಎತ್ತು, ಒಂದು ಕತ್ತೆ, ಕುರುಬರು, ಕಿರೀಟ ತೊಟ್ಟ ಮೂವರು ರಾಯರು, ಮೇಲೊಂದು ನಕ್ಷತ್ರ. ಈ ಬೊಂಬೆಗಳನ್ನು ಎದುರಿಗಿಟ್ಟುಕೊಂಡು ಬೈಬಲ್‌ನಲ್ಲಿ ಯೇಸುವಿನ ಜೀವನ ಹೇಳುವ ಶುಭಸಂದೇಶಗಳ ಪೈಕಿ ಲೂಕನ 2ನೇ ಅಧ್ಯಾಯವನ್ನೂ ಮತ್ತಾಯನ 2ನೇ ಅಧ್ಯಾಯವನ್ನೂ ಓದಿ ನೋಡಿ. ಎತ್ತು ಇಲ್ಲ, ಕತ್ತೆಯೂ ಇಲ್ಲ. ರಾಯರ ಬದಲು ಮೂಡಣ ದೇಶದ ಜೋಯಿಸರು ಇದ್ದಾರೆ. ಎಷ್ಟು ಮಂದಿ ಎಂದು ಮತ್ತಾಯ ಹೇಳುವುದಿಲ್ಲ. ಅವರು ಒಳಹೊಕ್ಕದ್ದು ಒಂದು 'ಮನೆ'ಯನ್ನು (2:11). ಕೊಟ್ಟಿಗೆಯ ಮಾತನ್ನು ಲೂಕನೂ ಎತ್ತುವುದಿಲ್ಲ. ಮಗುವನ್ನು ಗೋದಲಿಯಲ್ಲಿ ಮಲಗಿಸಿದಳು ಎನ್ನುತ್ತಾನೆ, ಅಂದರೆ ದನಗಳಿಗೆ ಮೇವು ಹಾಕುವ ಜಾಗದಲ್ಲಿ. ಕೊಟ್ಟಿಗೆ ನಮ್ಮ ಊಹೆ.

ಇಷ್ಟು ಹೇಳಿದ ಮಾತ್ರಕ್ಕೆ ಮನೆಯ ಗೋದಲಿ ಸುಳ್ಳಾಗುವುದಿಲ್ಲ. ಶುಭಸಂದೇಶ ಮೌನವಾಗಿರುವಲ್ಲಿ ಭಕ್ತರ ಮನಸ್ಸು ಕಥೆ ಕಟ್ಟಿದೆ. ಹಾಗೆ ಕಟ್ಟಿದ ಒಂದೊಂದು ತುಣುಕಿಗೂ ಒಂದು ಕಾಲ, ಒಂದು ಊರು ಇದೆ. ಆ ಊರು ಯಾವುದೆಂದು ಗೊತ್ತಿಲ್ಲದಾಗ ತೊಡಕು ಶುರುವಾಗುತ್ತದೆ: ಸಿನಿಮಾದಲ್ಲಿ ಕಂಡದ್ದನ್ನು ಮಗು ಬೈಬಲ್‌ನಲ್ಲಿ ಹುಡುಕುತ್ತದೆ, ಸಿಗದಿದ್ದಾಗ ಯಾವುದನ್ನು ನಂಬಬೇಕೆಂದು ತಿಳಿಯದೆ ಕಂಗಾಲಾಗುತ್ತದೆ.

ಎತ್ತು ಕತ್ತೆಗಳಿಂದಲೇ ತೊಡಗೋಣ. ಎತ್ತಿಗೆ ತನ್ನ ಒಡೆಯ ಗೊತ್ತು, ಕತ್ತೆಗೆ ತನ್ನ ಯಜಮಾನನ ಗೋದಲಿ ಗೊತ್ತು, ಇಸ್ರಯೇಲಿಗೆ ಮಾತ್ರ ಗೊತ್ತಿಲ್ಲ ಎಂದು ಹಳೆಯ ಒಡಂಬಡಿಕೆಯ ಪ್ರವಾದಿ ಯೆಶಾಯ ಕೊರಗುತ್ತಾನೆ (1:3). 'ಗೋದಲಿ' ಎಂಬ ಆ ಒಂದು ಪದದ ಕೊಂಡಿ ಹಿಡಿದು ಎರಡೂ ಪ್ರಾಣಿಗಳು ಕ್ರಿಸ್ತಜನನದ ಚಿತ್ರದೊಳಗೆ ಬಂದವು; 4ನೇ ಶತಮಾನದ ಕಲ್ಲಿನ ಶವಪೆಟ್ಟಿಗೆಗಳ ಕೆತ್ತನೆಯಲ್ಲೇ ಅವು ಮಗುವಿನ ಪಕ್ಕ ನಿಂತಿವೆ. ಗರ್ಭಿಣಿ ಮರಿಯಳನ್ನು ಜೋಸೆಫರು ಕತ್ತೆಯ ಮೇಲೆ ಕೂರಿಸಿ ಹೊರಟದ್ದು, ಹೆರಿಗೆ ಗವಿಯೊಂದರಲ್ಲಿ ಆದದ್ದು, ಜೋಸೆಫರು ಮುದುಕರೂ ವಿಧುರರೂ ಆಗಿದ್ದದ್ದು, ಇವೆಲ್ಲ 2ನೇ ಶತಮಾನದ 'ಯಾಕೋಬನ ಆದಿಸುವಾರ್ತೆ' ಎಂಬ ಪುಸ್ತಕದ ಸಂಗತಿಗಳು. ಆ ಪುಸ್ತಕ ಬೈಬಲ್‌ಗೆ ಸೇರಲಿಲ್ಲ, ಆದರೂ ಮನೆಮನೆಗೆ ಸೇರಿತು. ಮರಿಯಳ ತಂದೆತಾಯಿಯ ಹೆಸರು ಜೋಕಿಂ ಮತ್ತು ಅನ್ನಾ ಎಂದು ಮೊದಲು ಹೇಳಿದ್ದು ಅದೇ. ಕರಾವಳಿಯ ಮನೆಗಳಲ್ಲಿ ಎಷ್ಟೋ ಅಜ್ಜಂದಿರು ಜೋಕಿಂ ಆದದ್ದರ ಬೇರು ಅಲ್ಲಿದೆ. ಇನ್ನು ಜೋಯಿಸರು ಮೂವರಾದದ್ದು ಕಾಣಿಕೆ ಮೂರಿದ್ದುದರಿಂದ: ಚಿನ್ನ, ಧೂಪ, ರಕ್ತಬೋಳ. ಅರಸರು ಕಪ್ಪ ತರುವರೆಂಬ 72ನೇ ಕೀರ್ತನೆಯ ಮಾತು ಅವರ ತಲೆಗೆ ಕಿರೀಟ ತೊಡಿಸಿತು. ಕಾಸ್ಪರ್, ಮೆಲ್ಕಿಯೋರ್, ಬಲ್ತಜಾರ್ ಎಂಬ ಹೆಸರುಗಳು ಬಂದದ್ದು 6ನೇ ಶತಮಾನದ ಹೊತ್ತಿಗೆ.

ಇದೆಲ್ಲವನ್ನೂ ಕಣ್ಣಿಗೆ ಕಾಣುವಂತೆ ಕಟ್ಟಿ ತೋರಿಸಿದ್ದು 1223ರ ಕ್ರಿಸ್‌ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ, ಅಸಿಸಿಯ ಫ್ರಾನ್ಸಿಸ್. ಅಲ್ಲಿ ಬೊಂಬೆಗಳಿರಲಿಲ್ಲ. ಒಂದು ಗೋದಲಿ, ಹುಲ್ಲು, ಜೀವಂತ ಎತ್ತು ಕತ್ತೆ, ಅದರೆದುರು ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಆರಾಧನೆ), ಇಷ್ಟೇ. ಬಡತನದಲ್ಲಿ ಹುಟ್ಟಿದ ಮಗುವನ್ನು ಜನ ಹತ್ತಿರದಿಂದ ಕಾಣಲಿ ಎಂಬುದು ಫ್ರಾನ್ಸಿಸರ ಆಸೆಯಾಗಿತ್ತು.

ಛತ್ರದವನು 'ಜಾಗ ಇಲ್ಲ' ಎಂದು ಬಾಗಿಲು ಮುಚ್ಚುವ ದೃಶ್ಯವಿಲ್ಲದ ಕ್ರಿಸ್‌ಮಸ್ ನಾಟಕ ಅಪರೂಪ. ಆದರೆ ಲೂಕನಲ್ಲಿ ಛತ್ರದವನೇ ಇಲ್ಲ. ನಾವು ಛತ್ರ ಎಂದು ಓದುವಲ್ಲಿ ಗ್ರೀಕ್ ಮೂಲದಲ್ಲಿರುವ ಪದ 'ಕತಾಲುಮ'. ಕಡೆಯ ಭೋಜನ ನಡೆದ ಕೋಣೆಗೂ ಲೂಕ ಅದೇ ಪದ ಬಳಸುತ್ತಾನೆ (22:11). ದಯಾಳು ಸಮಾರ್ಯನು ಗಾಯಾಳುವನ್ನು ಕರೆದೊಯ್ದ ನಿಜವಾದ ಛತ್ರಕ್ಕೆ ಅವನ ಪದ ಬೇರೆ, 'ಪಂದೊಕೆಯೊನ್' (10:34). ಆದ್ದರಿಂದ ನೆಂಟರ ಮನೆಯ ಅತಿಥಿಕೋಣೆ ತುಂಬಿತ್ತು, ದನ ಕಟ್ಟುವ ತಗ್ಗಿನ ಭಾಗದಲ್ಲಿ ಮಗುವನ್ನು ಮಲಗಿಸಿದರು ಎಂದು ಅನೇಕ ವಿದ್ವಾಂಸರು ಓದುತ್ತಾರೆ. ಉತ್ತರ ಕರ್ನಾಟಕದ ಹಳೆಯ ಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ತಲೆಬಾಗಿಲು ದಾಟಿದೊಡನೆ ದನದ ಗ್ವಾದಲಿ, ಅದಕ್ಕಿಂತ ಎತ್ತರದಲ್ಲಿ ಮನೆಮಂದಿಯ ಪಡಸಾಲೆ. ಬೆತ್ಲೆಹೇಮಿನ ಆ ರಾತ್ರಿಯನ್ನು ಯುರೋಪಿನ ಚಿತ್ರಕಾರರಿಗಿಂತ ಚೆನ್ನಾಗಿ ಊಹಿಸಿಕೊಳ್ಳಬಲ್ಲವರು ನಮ್ಮಲ್ಲೇ ಇದ್ದಾರೆ.

ಕಿವಿಗೆ ಕೇಳಿಸಿದ ಕ್ರಿಸ್ತ

ನಮ್ಮ ಕರಾವಳಿಯಲ್ಲಿ ಯೇಸುವಿನ ಕಥೆ ಮೊದಲು ಮನೆಮಾತಾದದ್ದು ಹಾಡಾಗಿ. 1579ರಲ್ಲಿ ಗೋವೆಗೆ ಬಂದ ಇಂಗ್ಲಿಷ್ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್, ಕೊಂಕಣಿ ಬೆರೆತ ಮರಾಠಿಯಲ್ಲಿ ಕ್ರಿಸ್ತಪುರಾಣ ಬರೆದರು. ಅದು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಸುಮಾರು 11,000 ಓವಿಗಳ (ಮರಾಠಿ ಪದ್ಯಗಳ) ಕೃತಿ. ಹಳೆಯ ಪುರಾಣಗಳನ್ನು ಬಿಡಬೇಕಾಗಿ ಬಂದ ಹೊಸ ಕ್ರೈಸ್ತರು, ಅದಕ್ಕೆ ಬದಲಾಗಿ ನಮ್ಮ ಭಾಷೆಯಲ್ಲಿ ಓದಲು ಏನಾದರೂ ಕೊಡಿ ಎಂದು ಪಾದ್ರಿಯನ್ನು ಕೇಳಿಕೊಂಡ ಪ್ರಸಂಗ ಕೃತಿಯೊಳಗೇ ಬರುತ್ತದೆ. ಸ್ವರ್ಗವನ್ನು ಸ್ಟೀಫನ್ಸರು ವೈಕುಂಠ ಎಂದೇ ಕರೆದರು. ಕರಾವಳಿಯ ಕ್ರೈಸ್ತರು ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಈ ಪುರಾಣವನ್ನು ಹಾಡುತ್ತಿದ್ದರು. 17ನೇ ಶತಮಾನದ ಮುದ್ರಿತ ಪ್ರತಿಗಳು ಕಣ್ಮರೆಯಾದರೂ ಕೈಬರಹದ ಪ್ರತಿಗಳು ಉಳಿದವು, 1907ರಲ್ಲಿ ಮಂಗಳೂರಿನಲ್ಲೇ ಅದು ಮತ್ತೆ ಅಚ್ಚಾಯಿತು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಪ್ರಯತ್ನ ಕಿಟ್ಟೆಲರ 'ಕಥಾಮಾಲೆ' (1862). ನಿಘಂಟಿನ ಕಿಟ್ಟೆಲರೇ ಯೇಸುಚರಿತ್ರೆಯನ್ನು ಕನ್ನಡ ಛಂದಸ್ಸಿಗೆ ತಂದಿದ್ದರು.

ಹಾಡಿನ ಕಥೆಯಲ್ಲಿ ಒಂದು ಬಿಡುವು ಇರುತ್ತದೆ. ಕೇಳುವವನು ಯೇಸುವಿನ ಮುಖವನ್ನು ತಾನೇ ಕಲ್ಪಿಸಿಕೊಳ್ಳುತ್ತಾನೆ. ಸಿನಿಮಾ ಬಂದದ್ದೇ ಈ ಬಿಡುವು ಹೋಯಿತು.

ಕ್ಯಾಮೆರಾ ಮೌನವಾಗಿರಲಾರದು

ಲೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಹಣ ಪಡೆದು ಚಿತ್ರ ತೋರಿಸಿದ್ದು 1895ರ ಡಿಸೆಂಬರ್‌ನಲ್ಲಿ. ಅದಾಗಿ ಎರಡೇ ವರ್ಷದೊಳಗೆ ಯೇಸುವಿನ ಯಾತನೆಯ ಚಿತ್ರಗಳು ತಯಾರಾದವು. ಹೊಸ ಮಾಧ್ಯಮಕ್ಕೆ ಇದಕ್ಕಿಂತ ಅನುಕೂಲದ ಕಥೆ ಇರಲಿಲ್ಲ: ಮಾತಿಲ್ಲದಿದ್ದರೂ ನೋಡುವವರಿಗೆ ಪ್ರತಿ ದೃಶ್ಯವೂ ಮೊದಲೇ ಗೊತ್ತು. ಮುಂಬೈಯ ಗಿರಗಾಂವಿನಲ್ಲಿ 1910–11ರ ಹೊತ್ತಿಗೆ ಇಂಥದ್ದೊಂದು ಕ್ರಿಸ್ತಚರಿತ್ರೆಯನ್ನು ನೋಡುತ್ತಲೇ ದಾದಾಸಾಹೇಬ್ ಫಾಲ್ಕೆ ಮನಸ್ಸಿನಲ್ಲಿ ರಾಮನನ್ನೂ ಕೃಷ್ಣನನ್ನೂ ತೆರೆಯ ಮೇಲೆ ಕಾಣತೊಡಗಿದರು. 1913ರಲ್ಲಿ 'ರಾಜಾ ಹರಿಶ್ಚಂದ್ರ' ಬಂತು. ಭಾರತೀಯ ಪೌರಾಣಿಕ ಚಿತ್ರದ ಬೀಜದಲ್ಲಿ ಶಿಲುಬೆಯ ಕಥೆಯೂ ಇದೆ.

ಅದೇ 1913ರಲ್ಲಿ ಬ್ರಿಟನ್ನಿನ ಸೆನ್ಸಾರ್ ಮಂಡಳಿ ಕೆಲಸ ಆರಂಭಿಸಿದಾಗ ಅದಕ್ಕಿದ್ದ ನಿಯಮ ಎರಡೇ: ಬೆತ್ತಲೆ ಕೂಡದು, ಕ್ರಿಸ್ತನ ರೂಪ ತೋರಿಸಕೂಡದು. ಈ ಅಳುಕು ಅರ್ಥವಿಲ್ಲದ್ದಲ್ಲ. 'ಕೆಲವರು ಬಂದರು' ಎಂದು ಬರೆದು ಮುಂದೆ ಹೋಗಲು ಬರಹಕ್ಕೆ ಸಾಧ್ಯ. ಕ್ಯಾಮೆರಾ ಎಣಿಸಲೇಬೇಕು, ಮುಖ, ದನಿ, ಬಟ್ಟೆ, ಬೆಳಕು ಎಲ್ಲವನ್ನೂ ನಿರ್ಧರಿಸಲೇಬೇಕು. 1959ರ 'ಬೆನ್‌ಹರ್' ಯೇಸುವಿನ ಮುಖವನ್ನು ಒಮ್ಮೆಯೂ ತೋರಿಸುವುದಿಲ್ಲ. ಬಾಯಾರಿ ಬಿದ್ದ ಗುಲಾಮನಿಗೆ ನೀರು ಕೊಡುವ ಕೈ, ಬೆನ್ನು, ಎದುರು ನಿಂತ ರೋಮನ್ ಅಧಿಕಾರಿಯ ಕುಗ್ಗಿದ ಮುಖ, ಅಷ್ಟೇ. ಕ್ರಿಸ್ತನನ್ನು ತೋರಿಸಿದ ಬಹುಪಾಲು ಚಿತ್ರಗಳಿಗಿಂತ ಇಲ್ಲಿ ಅವನ ಸಾನ್ನಿಧ್ಯ ಹೆಚ್ಚು ತಟ್ಟುತ್ತದೆ.

ಸಿನಿಮಾದ ಸೇರ್ಪಡೆಯಿಂದ ಹೆಚ್ಚು ಅನ್ಯಾಯವಾದದ್ದು ಮಗ್ದಲದ ಮರಿಯಳಿಗೆ. ಏಳು ದೆವ್ವಗಳಿಂದ ಬಿಡುಗಡೆ ಹೊಂದಿದವಳು, ತನ್ನ ಸ್ವತ್ತಿನಿಂದ ಯೇಸುವಿಗೂ ಶಿಷ್ಯರಿಗೂ ನೆರವಾದ ಸ್ತ್ರೀಯರಲ್ಲಿ ಒಬ್ಬಳು ಎಂದು ಲೂಕ ಬರೆಯುತ್ತಾನೆ (8:2-3). ಸೂಳೆ ಎಂದು ಯಾವ ಶುಭಸಂದೇಶವೂ ಹೇಳುವುದಿಲ್ಲ. ಅದರ ಹಿಂದಿನ ಅಧ್ಯಾಯದಲ್ಲಿ ಕಣ್ಣೀರಿನಿಂದ ಯೇಸುವಿನ ಪಾದ ತೊಳೆದ ಪಾಪಿ ಹೆಂಗಸಿಗೆ ಹೆಸರಿಲ್ಲ. 591ರಲ್ಲಿ ಪೋಪ್ ಗ್ರೆಗೊರಿ ತಮ್ಮ ಪ್ರಬೋಧನೆಯೊಂದರಲ್ಲಿ ಈ ಇಬ್ಬರನ್ನೂ ಬೆಥಾನಿಯ ಮರಿಯಳನ್ನೂ ಒಬ್ಬಳೇ ಮಾಡಿದರು. ಪೂರ್ವದ ಕ್ರೈಸ್ತ ಸಭೆಗಳು ಇದನ್ನು ಒಪ್ಪಲಿಲ್ಲ, ಪಶ್ಚಿಮದ ಚಿತ್ರಕಲೆ ಬಾಚಿಕೊಂಡಿತು. 1927ರ 'ದಿ ಕಿಂಗ್ ಆಫ್ ಕಿಂಗ್ಸ್' ಚಿತ್ರ ಆರಂಭವಾಗುವುದೇ ಮಗ್ದಲದ ಮರಿಯಳ ವಿಲಾಸಗೃಹದಲ್ಲಿ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನು ಅವಳ ಪ್ರಿಯಕರ, ಅವಳ ರಥಕ್ಕೆ ಜೀಬ್ರಾಗಳು. ರೋಮಿನ ಪೂಜಾ ಪಂಚಾಂಗ 1969ರಲ್ಲೇ ಈ ಗೊಂದಲವನ್ನು ಬಿಡಿಸಿತು. 2016ರಲ್ಲಿ ಜುಲೈ 22ರ ಅವಳ ಸ್ಮರಣೆ ಪ್ರೇಷಿತರ (ಯೇಸುವಿನ ಹನ್ನೆರಡು ಶಿಷ್ಯರ) ಹಬ್ಬಗಳ ಮಟ್ಟಕ್ಕೇರಿತು. ಆದರೂ ಪುನರುತ್ಥಾನದ ಸುದ್ದಿಯನ್ನು ಶಿಷ್ಯರಿಗೆ ಮೊದಲು ಮುಟ್ಟಿಸಿದ ಈ ಹೆಂಗಸನ್ನು ಇಂದಿಗೂ ಎಷ್ಟೋ ಜನ ಸಿನಿಮಾದ ಕಣ್ಣಿನಿಂದಲೇ ನೋಡುತ್ತಾರೆ.

ಹಳ್ಳಿಗಳಿಗೆ ಈ ಚಿತ್ರಗಳು ತಲುಪಿದ್ದು 16 ಎಂಎಂ ಪ್ರೊಜೆಕ್ಟರ್ ಮೂಲಕ. 1978ರ ತೆಲುಗು 'ಕರುಣಾಮಯುಡು' (ವಿಜಯಚಂದರ್ ಯೇಸು, ಎ. ಭೀಮ್‌ಸಿಂಗ್ ನಿರ್ದೇಶನ) ಮತ್ತು ಲೂಕನ ಶುಭಸಂದೇಶ ಆಧರಿಸಿದ 1979ರ 'ಜೀಸಸ್' ಹೀಗೆ ಊರೂರು ಸುತ್ತಿದವು. ಎರಡನೆಯದು ಕನ್ನಡವೂ ಸೇರಿ 2,000ಕ್ಕೂ ಹೆಚ್ಚು ಭಾಷೆಗಳಲ್ಲಿದೆ. 16 ಎಂಎಂ ಫಿಲ್ಮ್ ನಿಮಿಷಕ್ಕೆ 36 ಅಡಿ ಓಡುತ್ತದೆ. 1,600 ಅಡಿಯ ರೀಲ್ 44 ನಿಮಿಷ ಬರುತ್ತದೆ. ಒಂದೇ ಯಂತ್ರವಿದ್ದರೆ ಎರಡು ಗಂಟೆಯ ಚಿತ್ರಕ್ಕೆ ಎರಡು ಸಲ ಕತ್ತಲಲ್ಲಿ ರೀಲ್ ಬದಲಿಸಬೇಕು. ಆ ಬಿಡುವಿನಲ್ಲಿ ಮಾತಿಗೆ, ಪ್ರಶ್ನೆಗೆ ಅವಕಾಶವಿತ್ತು. ಈಗ ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡುವಾಗ ಕಳೆದುಹೋಗಿರುವುದು ಆ ಬಿಡುವೇ.

2004ರ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಇನ್ನೊಂದು ತುದಿ. ರೋಮನ್ ಅಧಿಪತಿ ಪಿಲಾತನು ಯೇಸುವನ್ನು ಕೊರಡೆಗಳಿಂದ ಹೊಡೆಸಿದ್ದನ್ನು ಯೊವಾನ್ನ ಒಂದೇ ವಾಕ್ಯದಲ್ಲಿ ಮುಗಿಸುತ್ತಾನೆ (19:1). ತೆರೆಯ ಮೇಲೆ ಅದು ಹತ್ತು ನಿಮಿಷದ ಆಸುಪಾಸು. ಪಿಲಾತನ ಹೆಂಡತಿ ಮಾತೆ ಮರಿಯಳಿಗೆ ಬಟ್ಟೆ ಕೊಡುವ ದೃಶ್ಯ ಬಂದದ್ದು ಜರ್ಮನಿಯ ಸನ್ಯಾಸಿನಿ ಆನ್ ಕ್ಯಾಥರೀನ್ ಎಮೆರಿಕ್‌ರ ದರ್ಶನಗಳೆಂದು 1833ರಲ್ಲಿ ಪ್ರಕಟವಾದ ಪುಸ್ತಕದಿಂದ. ಯೇಸುವಿನ ಮುಖ ಒರೆಸುವ ವೆರೋನಿಕಾ ಕೂಡ ಶುಭಸಂದೇಶದಲ್ಲಿಲ್ಲ, ಯೇಸುವಿನ ಕೊನೆಯ ನಡಿಗೆಯನ್ನು ನೆನೆಯುವ 'ಶಿಲುಬೆ ಹಾದಿ' ಪ್ರಾರ್ಥನೆಯ ಆರನೆಯ ಸ್ಥಳದಲ್ಲಿದ್ದಾಳೆ. ಇದು ತಪ್ಪಲ್ಲ, ಶತಮಾನಗಳ ಪ್ರಾರ್ಥನೆಯಿಂದ ಹುಟ್ಟಿದ ದೃಶ್ಯ ಅದು. ಆದರೆ ಅದು ಎಲ್ಲಿಯದು ಎಂದು ಮಕ್ಕಳಿಗೆ ತಿಳಿದಿರಬೇಕು. 2019ರಿಂದ ಬರುತ್ತಿರುವ 'ದಿ ಚೋಸನ್' ಧಾರಾವಾಹಿ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ. ಕೆಲವು ಪಾತ್ರ, ಮಾತು, ಹಿನ್ನೆಲೆಗಳನ್ನು ಸೇರಿಸಿದ್ದೇವೆ, ಶುಭಸಂದೇಶ ಓದಿ ಎಂದು ಮೊದಲ ಕಂತಿನ ಆರಂಭದಲ್ಲೇ ಹೇಳುತ್ತದೆ. ಪೇತ್ರನಿಗೆ ಅತ್ತೆ ಇದ್ದಳೆಂದು ಮಾರ್ಕ ಹೇಳುತ್ತಾನೆ (1:30), ಅಂದಮೇಲೆ ಹೆಂಡತಿಯೂ ಇರಲೇಬೇಕು. ಆಕೆಗೆ 'ಈಡನ್' ಎಂದು ಹೆಸರಿಟ್ಟದ್ದು ಮಾತ್ರ ಧಾರಾವಾಹಿ.

ಮನೆಯಲ್ಲಿ ನೋಡುವ ಬಗೆ

ಮನೆಮಂದಿ ಕೂತು ನೋಡುವಾಗ ಕ್ರಮ ಮುಖ್ಯ. ಮೊದಲು ಓದು, ಆಮೇಲೆ ಚಿತ್ರ. ಮೊದಲೇ ಚಿತ್ರ ನೋಡಿಬಿಟ್ಟರೆ ಆಮೇಲೆ ಓದುವ ವಚನ ಮಕ್ಕಳಿಗೆ ಸಪ್ಪೆ ಎನಿಸುತ್ತದೆ. ಲೂಕ 2:1-20 ಗಟ್ಟಿಯಾಗಿ ಓದಲು ನಾಲ್ಕು ನಿಮಿಷ ಸಾಕು. ಇಡೀ ಚಿತ್ರ ಒಂದೇ ಸಲ ಬೇಡ; ಒಂದು ಪ್ರಸಂಗ, ಇಪ್ಪತ್ತು ಮೂವತ್ತು ನಿಮಿಷ ಸಾಕು. ನೋಡುವಾಗ 'ಇದು ಬೈಬಲ್‌ನಲ್ಲಿಲ್ಲ' ಎಂದು ನಡುನಡುವೆ ತಡೆಯಬಾರದು. ಹಾಗೆ ಮಾಡಿದರೆ ಕಥೆಯೂ ಹೋಗುತ್ತದೆ, ಭಕ್ತಿಯೂ ಹೋಗುತ್ತದೆ, ತಪ್ಪು ಹಿಡಿಯುವ ಚಟ ಮಾತ್ರ ಉಳಿಯುತ್ತದೆ. ಮುಗಿದ ಮೇಲೆ ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ಶುಭಸಂದೇಶದಲ್ಲಿದೆ, ಸಂಪ್ರದಾಯದಿಂದ ಬಂದಿದೆ, ಈ ಚಿತ್ರವೇ ಸೇರಿಸಿದೆ. ಕಂಡದ್ದನ್ನೆಲ್ಲ ಮಕ್ಕಳೇ ತುಂಬಲಿ. ಮೂರನೆಯ ಕಲಂ ತುಂಬಿದಾಗ ಕೇಳಬೇಕಾದ ಪ್ರಶ್ನೆ 'ಇದನ್ನು ಯಾಕೆ ಸೇರಿಸಿರಬಹುದು?' ಎಂಬುದು. ಹತ್ತು ವರ್ಷದ ಮಗುವೂ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ಒಂದೇ ಚಿತ್ರವನ್ನು ವರ್ಷವರ್ಷವೂ ಹಾಕಿದರೆ ಆ ನಟನ ಮುಖವೇ ಪ್ರಾರ್ಥನೆಯಲ್ಲೂ ಅಂಟಿಕೊಳ್ಳುತ್ತದೆ. ಪ್ರತಿವರ್ಷ ಬೇರೆ ಚಿತ್ರ, ನಡುವೆ ಒಂದು ವರ್ಷ ಬರೀ ಓದು ಒಳ್ಳೆಯದು. ಚಿಕ್ಕ ಮಕ್ಕಳಿಗೆ ಕೊರಡೆ ಏಟಿನ ದೃಶ್ಯ ಬೇಡವೇ ಬೇಡ. 2004ರ ಆ ಚಿತ್ರಕ್ಕೆ ಅಮೆರಿಕದಲ್ಲಿ 17 ವರ್ಷದೊಳಗಿನವರು ಹಿರಿಯರೊಡನೆ ಮಾತ್ರ ನೋಡಬಹುದೆಂಬ ಆರ್ ಪ್ರಮಾಣಪತ್ರ ಸಿಕ್ಕಿತ್ತು. ಹೆದರಿದ ಮಗುವಿನ ಮನಸ್ಸಿನಲ್ಲಿ ಕ್ಷಮೆಯ ಮಾತು ಉಳಿಯುವುದಿಲ್ಲ, ರಕ್ತ ಉಳಿಯುತ್ತದೆ.

ಗೋದಲಿಗೂ ಇಂಥದ್ದೊಂದು ಸುಲಭ ರೂಢಿ ಕೆಲವು ಮನೆಗಳಲ್ಲಿದೆ. ಡಿಸೆಂಬರ್ 24ರ ರಾತ್ರಿಯವರೆಗೆ ಗೋದಲಿಯಲ್ಲಿ ಬಾಲಯೇಸು ಇರುವುದಿಲ್ಲ. ಮೂವರು ರಾಯರು ಹಜಾರದ ಆಚೆ ಮೂಲೆಯ ಕಪಾಟಿನ ಮೇಲೆ ನಿಂತಿರುತ್ತಾರೆ. ಮಕ್ಕಳು ಅವರನ್ನು ದಿನಕ್ಕೊಂದು ಗೇಣು ಮುಂದೆ ಸರಿಸುತ್ತಾ ಹೋಗುತ್ತಾರೆ. ಕಪಾಟು, ಕಿಟಕಿ, ಮೇಜು ದಾಟಿ ಜನವರಿ 6ಕ್ಕೆ ಅವರು ಬಾಗಿಲು ಮುಟ್ಟುತ್ತಾರೆ. ಅಷ್ಟು ಹೊತ್ತಿಗೆ ಕುರುಬರು ಹೊರಟುಹೋಗಿರುತ್ತಾರೆ, ಲೂಕ ಹೇಳುವಂತೆಯೇ.