ಉಳ್ಳಾಗಡ್ಡಿ ಬಂದಾಗಲೇ ಬೀಗ

ಈರುಳ್ಳಿ ರಫ್ತಿಗೆ ಕೇಂದ್ರ ಸರ್ಕಾರ ಬೀಗ ಹಾಕಿದ ಈಚಿನ ಮೂರು ತಾರೀಖು ನೋಡಿ. 2019ರ ಸೆಪ್ಟೆಂಬರ್ 29. 2020ರ ಸೆಪ್ಟೆಂಬರ್ 14. 2023ರ ಡಿಸೆಂಬರ್ 8. ಮುಂಬೈಯಲ್ಲಿ ಚೀಲ ಹಿಡಿದು ಸಂತೆಗೆ ಹೋಗುವವರಿಗೆ ಇದರಲ್ಲಿ ವಿಶೇಷವೇನೂ ಕಾಣದು. ಬೆಲೆ ಏರಿತು, ಸರ್ಕಾರ ತಡೆಯಿತು, ಅಷ್ಟೇ ಅಲ್ವಾ? ಗದಗ, ಹಾವೇರಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ನೆಲೆಸಿದವರಿಗೆ ಈ ತಾರೀಖುಗಳು ಬೇರೆಯೇ ಕಥೆ ಹೇಳುತ್ತವೆ. ಮೊದಲ ಎರಡೂ ಅವರೂರಿನ ಹೊಲದಲ್ಲಿ ಉಳ್ಳಾಗಡ್ಡಿ ಕೀಳುವ ಹೊತ್ತು. ಮೂರನೆಯದು ನಾಸಿಕದ ಹೊಸ ಕೆಂಪು ಈರುಳ್ಳಿ ಪೇಟೆಗೆ ಇಳಿಯುವ ಹೊತ್ತು.

ಬೆಳೆಯ ಲೆಕ್ಕ ಸ್ವಲ್ಪ ತಿಳಿದರೆ ಉಳಿದದ್ದು ಸುಲಭ. ದೇಶದ ಈರುಳ್ಳಿಯಲ್ಲಿ ಹತ್ತಿರ ಹತ್ತಿರ ಶೇ 70ರಷ್ಟು ಹಿಂಗಾರಿ ಬೆಳೆ. ಮಾರ್ಚ್‌ನಿಂದ ಮೇ ತನಕ ಕೀಳುತ್ತಾರೆ. ಅದು ಒಣ ಮಾಲು, ತಿಂಗಳುಗಟ್ಟಲೆ ಇರುತ್ತದೆ. ನಾಸಿಕ, ಪುಣೆ ಜಿಲ್ಲೆಗಳ ಹಳ್ಳಿಗಳಲ್ಲಿ ನೆಲದಿಂದ ಎತ್ತರಿಸಿ ಕಟ್ಟಿದ ಉದ್ದನೆಯ ಕೊಟ್ಟಿಗೆಗಳು ಕಾಣುತ್ತವೆ. ಗೋಡೆಯ ಬದಲು ಬಿದಿರೋ ಜಾಲರಿಯೋ ಇರುತ್ತದೆ, ಗಾಳಿ ಆಡಲಿ ಅಂತ. ಅವೇ ಕಾಂದಾ ಚಾಳ್. ಅದರೊಳಗೂ ಸೊರಗಿ, ಕೊಳೆತು, ಮೊಳೆತು ಒಂದಷ್ಟು ಮಾಲು ಹೋಗಿಯೇ ಹೋಗುತ್ತದೆ. ಆದರೂ ರೈತನಿಗೆ ಕಾಯುವ ಅವಕಾಶ ಇದೆ. ಈ ಸರಕೇ ಅಕ್ಟೋಬರ್ ತನಕ ಮುಂಬೈಯನ್ನು ಸಾಕುವುದು.

ನಮ್ಮ ಕಡೆಯದ್ದು ಹೆಚ್ಚಾಗಿ ಮುಂಗಾರಿ ಬೆಳೆ. ಜೂನ್–ಜುಲೈನಲ್ಲಿ ಬಿತ್ತಿ, ಸೆಪ್ಟೆಂಬರ್‌ನಿಂದ ಕೀಳಲು ಶುರು. ಮಳೆಯಲ್ಲಿ ಬೆಳೆದ ಗಡ್ಡೆಯಲ್ಲಿ ನೀರಿನ ಅಂಶ ಜಾಸ್ತಿ. ಕೂಡಿಟ್ಟರೆ ಕೊಳೆಯುತ್ತದೆ. ಕಿತ್ತ ಮೇಲೆ ಮಾರಲೇಬೇಕು, ಆ ವಾರ ಬೆಲೆ ಎಷ್ಟಿದ್ದರೂ. ಹಿಂಗಾರಿ ದಾಸ್ತಾನು ಕರಗಿ, ಹೊಸ ಬೆಳೆ ಇನ್ನೂ ತುಂಬಿ ಬಂದಿರದ ಆ ಸಂದಿಯಲ್ಲೇ ಪೇಟೆಯಲ್ಲಿ ಬೆಲೆ ಏರುವುದು. ಮುಂಗಾರಿ ರೈತನಿಗೆ ನಾಲ್ಕು ಕಾಸು ಸಿಗುವುದೂ ಆಗಲೇ. ಸರ್ಕಾರ ಬೀಗ ಹಿಡಿದು ಬರುವುದೂ ಆಗಲೇ.

ಈ ಬೀಗದ ಹಿಂದೆ ಓಟಿನ ಹೆದರಿಕೆ ಇದೆ, ಅದು ಹಳೆಯದು. 1980ರ ಜನವರಿಯ ಲೋಕಸಭೆ ಚುನಾವಣೆಯಲ್ಲಿ ಇಂದಿರಾ ಗಾಂಧಿ ಈರುಳ್ಳಿ ಬೆಲೆಯನ್ನೇ ಪ್ರಚಾರದ ಮಾತು ಮಾಡಿಕೊಂಡರು, ಗೆದ್ದರು. 1998ರ ಕೊನೆಯಲ್ಲಿ ದೆಹಲಿಯಲ್ಲಿ ಬಿಜೆಪಿ ಸರ್ಕಾರ ಸೋತಾಗಲೂ ಈರುಳ್ಳಿಯ ಹೆಸರೇ ಕೇಳಿಬಂತು. ಅಲ್ಲಿಂದಾಚೆ ಯಾವ ಪಕ್ಷವೂ ಈ ವಿಷಯದಲ್ಲಿ ಧೈರ್ಯ ತೋರಿಸಿಲ್ಲ.

ಬೆಳೆಯುವವರ ಕೋಪವೂ 1980ರ ಆಸುಪಾಸಿನದೇ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿದ್ದ ಅಂತರರಾಷ್ಟ್ರೀಯ ಅಂಚೆ ಸಂಸ್ಥೆಯ ಕೆಲಸ ಬಿಟ್ಟು ಬಂದು, ಪುಣೆ ಹತ್ತಿರ ಚಾಕಣ್ ಬಳಿ ಜಮೀನು ಕೊಂಡ ಶರದ್ ಜೋಶಿ ಮೊದಲು ಕೈಗೆತ್ತಿಕೊಂಡದ್ದೇ ಈರುಳ್ಳಿ ಬೆಲೆಯನ್ನು. 1978ರಲ್ಲಿ ಚಾಕಣ್ ಪೇಟೆಯಲ್ಲಿ ಶುರುವಾದ ಗಲಾಟೆ ಶೇತ್ಕರಿ ಸಂಘಟನೆ ಎಂಬ ರೈತ ಚಳವಳಿಯಾಗಿ ಬೆಳೆಯಿತು. 1980ರಲ್ಲಿ ರೈತರು ಪುಣೆ–ನಾಸಿಕ ರಸ್ತೆಯಲ್ಲಿ ಕೂತರು. ಅದೇ ವರ್ಷ ಜುಲೈನಲ್ಲಿ ನಮ್ಮ ನರಗುಂದ–ನವಲಗುಂದದಲ್ಲೂ ರೈತರು ಎದ್ದು ನಿಂತರು. ಅಲ್ಲಿನ ಸಿಟ್ಟು ಮಲಪ್ರಭಾ ಕಾಲುವೆಯ ಕರದ ಮೇಲೆ, ಈರುಳ್ಳಿ ಮೇಲಲ್ಲ. ಆದರೂ ಎರಡೂ ಉಳ್ಳಾಗಡ್ಡಿ ನೆಲಗಳೇ ಅನ್ನುವುದು ನನಗೆ ಸುಮ್ನೆ ಕಾಕತಾಳೀಯ ಅನಿಸುವುದಿಲ್ಲ. ಒಂದು ತಿಂಗಳಲ್ಲಿ ಚಿನ್ನ, ಮುಂದಿನ ತಿಂಗಳು ತಿಪ್ಪೆ ಅನ್ನುವ ಬೆಳೆ ನಂಬಿದವರಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಇನ್ನು ಪೇಟೆ. ಮುಂಬೈಯ ಈರುಳ್ಳಿ–ಆಲೂಗಡ್ಡೆ ಸಗಟು ವ್ಯಾಪಾರ ಮೊದಲು ಮಸ್ಜಿದ್ ಬಂದರಿನ ಇಕ್ಕಟ್ಟಿನಲ್ಲಿತ್ತು. 1980ರ ದಶಕದಲ್ಲಿ ನವಿ ಮುಂಬೈಯ ವಾಶಿಗೆ ಬಂತು. ನಾಸಿಕದ ಲಾಸಲ್‌ಗಾಂವ್ ಈರುಳ್ಳಿ ಪೇಟೆಯಲ್ಲಿ ಬೆಳಿಗ್ಗೆ ಕೂಗಿದ ರೇಟು ಮಧ್ಯಾಹ್ನಕ್ಕೆ ವಾಶಿ, ಸೊಲ್ಲಾಪುರ, ಹುಬ್ಬಳ್ಳಿ ಎಲ್ಲ ಕಡೆ ಗೊತ್ತಾಗಿರುತ್ತದೆ. ವಿಜಯಪುರ, ಕಲಬುರಗಿ ರೈತರಲ್ಲಿ ಅನೇಕರು ಮಾಲು ತರುವುದು ಸೊಲ್ಲಾಪುರಕ್ಕೆ. ಅಲ್ಲಿ ಕೈಗೆ ಸಿಗುವುದು ಪಟ್ಟಿ. ಮೇಲೆ ತೂಕ ಮತ್ತು ದರ, ಕೆಳಗೆ ಹಮಾಲಿ, ತೂಕದ ಕೂಲಿ, ಲಾರಿ ಬಾಡಿಗೆ, ಕೊನೆಗೆ ಉಳಿದದ್ದು. 2023ರ ಫೆಬ್ರುವರಿಯಲ್ಲಿ ಸೊಲ್ಲಾಪುರ ಜಿಲ್ಲೆ ಬಾರ್ಶಿ ತಾಲೂಕಿನ ರೈತರೊಬ್ಬರ ಪಟ್ಟಿ ದೇಶವೆಲ್ಲ ಸುದ್ದಿಯಾಯಿತು. 512 ಕಿಲೋ ಮಾಲು, ಕಿಲೋಗೆ 1 ರೂಪಾಯಿ. ಖರ್ಚು 509 ರೂಪಾಯಿ 51 ಪೈಸೆ. ಉಳಿದದ್ದು 2 ರೂಪಾಯಿ 49 ಪೈಸೆ. ಪೈಸೆ ಬಿಟ್ಟು 2 ರೂಪಾಯಿಗೆ ಚೆಕ್ ಕೊಟ್ಟರು, ಅದೂ ಮುಂದಿನ ತಾರೀಖಿನದು! ಅದಕ್ಕೂ ಮೂರು ತಿಂಗಳ ಮುಂಚೆ ಗದಗ ಜಿಲ್ಲೆಯ ರೈತರೊಬ್ಬರಿಗೆ ಬೆಂಗಳೂರು ಪೇಟೆಯಲ್ಲಿ 205 ಕಿಲೋಗೆ ಸಿಕ್ಕಿದ್ದು 8 ರೂಪಾಯಿ 36 ಪೈಸೆ. ಈ ಪಟ್ಟಿಗಳನ್ನು ನೋಡಿ ಯಾವ ಸರ್ಕಾರವೂ ರಾತ್ರೋರಾತ್ರಿ ಆದೇಶ ಹೊರಡಿಸಲಿಲ್ಲ.

ಕೊಳ್ಳುವವರ ಕಷ್ಟ ಸುಳ್ಳು ಅಂತ ಅಲ್ಲ. 2019ರಲ್ಲಿ ಆಗಸ್ಟ್ ನೆರೆ ಉತ್ತರ ಕರ್ನಾಟಕವನ್ನು ಮುಳುಗಿಸಿತು, ದೀಪಾವಳಿ ಆಚೀಚೆಯ ಮಳೆ ಮಹಾರಾಷ್ಟ್ರದ ಬೆಳೆ ಕೆಡಿಸಿತು. ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಕಿಲೋ 100 ದಾಟಿತು. ಇಲ್ಲಿನ ಹೋಟೆಲುಗಳಲ್ಲಿ ಊಟದ ತಟ್ಟೆಯಿಂದ ಹಸಿ ಈರುಳ್ಳಿ ಮಾಯವಾಗಿ ಮೂಲಂಗಿ, ಎಲೆಕೋಸು ಬಂದವು. (ಈರುಳ್ಳಿ ಇಳಿದ ಮೇಲೆ ಉತ್ತಪ್ಪದ ರೇಟು ಇಳಿದದ್ದನ್ನು ಮಾತ್ರ ನಾನು ಎಲ್ಲೂ ಕಂಡಿಲ್ಲ.) ಆಗ ಕೇಂದ್ರ ಟರ್ಕಿ, ಈಜಿಪ್ಟ್‌ನಿಂದ ಈರುಳ್ಳಿ ತರಿಸಿತು. ಗಡ್ಡೆ ದಪ್ಪ, ನಮ್ಮ ಒಗ್ಗರಣೆಗೆ ಬೇಕಾದ ಖಾರ ಇಲ್ಲ. ಹಡಗು ಬರುವಷ್ಟರಲ್ಲಿ ಇಲ್ಲಿನ ಬೆಲೆಯೇ ಇಳಿಯತೊಡಗಿತ್ತು. ಕೇಳಿದ್ದ ಮಹಾರಾಷ್ಟ್ರ, ಕರ್ನಾಟಕ ಮೊದಲಾದ ರಾಜ್ಯಗಳೇ ನಮಗೆ ಬೇಡ ಅಂದವು. ನ್ಹಾವಾ ಶೇವಾ ಬಂದರಿನಲ್ಲಿ ಮಾಲು ಕೊಳೆಯಿತು.

ಆ ವರ್ಷದ ನಿಷೇಧದಲ್ಲಿ ಕರ್ನಾಟಕಕ್ಕೆ ಒಂದು ಸಣ್ಣ ಕಿಂಡಿ ಸಿಕ್ಕಿತ್ತು. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಗುಲಾಬಿ ಈರುಳ್ಳಿ 9,000 ಟನ್ ತನಕ ಹೊರಗೆ ಹೋಗಬಹುದು ಅಂದರು. ಅದನ್ನು ಇಲ್ಲಿ ತಿನ್ನುವವರು ಕಡಿಮೆ, ಮಲೇಷ್ಯಾ, ಸಿಂಗಾಪುರದವರಿಗೇ ಬೇಕು. ವಿನಾಯಿತಿ ನ್ಯಾಯವೇ. ಗದಗಿನ ದಪ್ಪ ಗಡ್ಡೆಗೆ ಅದರಿಂದ ಉಪಯೋಗ ಏನೂ ಇರಲಿಲ್ಲ.

ನಿಷೇಧದಿಂದ ಇನ್ನೊಂದು ನಷ್ಟ ನಿಧಾನವಾಗಿ ಕಾಣಿಸಿತು. ನಮ್ಮನ್ನೇ ನಂಬಿದ್ದ ಬಾಂಗ್ಲಾದೇಶ ತಾನೇ ಹೆಚ್ಚು ಬೆಳೆಯತೊಡಗಿತು, ಬೇರೆ ದೇಶಗಳ ಬಾಗಿಲೂ ತಟ್ಟಿತು. 2019ರ ಅಕ್ಟೋಬರ್‌ನಲ್ಲಿ ದೆಹಲಿಗೆ ಬಂದ ಅಲ್ಲಿನ ಆಗಿನ ಪ್ರಧಾನಿ ಶೇಖ್ ಹಸೀನಾ, ಅಡುಗೆಗೆ ಈರುಳ್ಳಿ ಹಾಕಬೇಡ ಅಂತ ಅಡುಗೆಯವನಿಗೆ ಹೇಳಬೇಕಾಯಿತು ಎಂದು ನಗುತ್ತಲೇ ಚುಚ್ಚಿದ್ದರು. 2023ರ ಆಗಸ್ಟ್‌ನಲ್ಲಿ ರಫ್ತಿನ ಮೇಲೆ ಶೇ 40 ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. 2024ರ ಮೇ 4ರಂದು ನಿಷೇಧ ತೆಗೆದರು, ನಾಸಿಕದಲ್ಲಿ ಮತದಾನಕ್ಕೆ ಹದಿನಾರು ದಿನ ಇದ್ದಾಗ. ಆಡಳಿತ ಮೈತ್ರಿಕೂಟ ನಾಸಿಕ, ಪಕ್ಕದ ದಿಂಡೋರಿ ಎರಡೂ ಕ್ಷೇತ್ರಗಳನ್ನು ಕಳೆದುಕೊಂಡಿತು. ಕೊನೆಯ ಸುಂಕ ಹೋದದ್ದು 2025ರ ಏಪ್ರಿಲ್ 1ಕ್ಕೆ. ಬಾಗಿಲು ಪೂರ್ತಿ ತೆರೆದರೂ ಆ ವರ್ಷ ಬೆಲೆ ಏಳಲಿಲ್ಲ. ಗಿರಾಕಿ ಅಷ್ಟು ಹೊತ್ತಿಗೆ ಬೇರೆ ಅಂಗಡಿ ನೋಡಿಕೊಂಡಿದ್ದ.

ಈಗ ಸರ್ಕಾರ ನಿಷೇಧಕ್ಕಿಂತ ದಾಸ್ತಾನಿನ ಮೇಲೆ ಜಾಸ್ತಿ ಭರವಸೆ ಇಟ್ಟಂತಿದೆ. ನಾಫೆಡ್, ಎನ್‌ಸಿಸಿಎಫ್ ಎಂಬ ಸಹಕಾರ ಸಂಸ್ಥೆಗಳ ಮೂಲಕ ಹಿಂಗಾರಿ ಈರುಳ್ಳಿ ಕೊಂಡು ಇಡುತ್ತಾರೆ. 2023ರಲ್ಲಿ ಗುರಿಯನ್ನು 3 ಲಕ್ಷ ಟನ್‌ನಿಂದ 5 ಲಕ್ಷಕ್ಕೆ ಏರಿಸಿದರು. ನಾಸಿಕದ ರೈತನಿಗೆ ಒಬ್ಬ ಕೊಳ್ಳುವವ ಹೆಚ್ಚಾದ, ಒಳ್ಳೆಯದೇ. ಕೂಡಿಡಲು ಬಾರದ ಮುಂಗಾರಿ ಗಡ್ಡೆ ಈ ದಾಸ್ತಾನಿಗೆ ಅಷ್ಟಾಗಿ ಒಗ್ಗುವುದಿಲ್ಲ. 2024ರ ಸೆಪ್ಟೆಂಬರ್ 5ರಂದು ದೆಹಲಿ, ಮುಂಬೈಯಲ್ಲಿ ವ್ಯಾನು ನಿಲ್ಲಿಸಿ ಅದೇ ದಾಸ್ತಾನನ್ನು ಕಿಲೋಗೆ 35 ರೂಪಾಯಿಯಂತೆ ಮಾರಲು ಶುರು ಮಾಡಿದರು. ಹುಬ್ಬಳ್ಳಿ ಯಾರ್ಡಿಗೆ ಹೊಸ ಉಳ್ಳಾಗಡ್ಡಿ ಬರತೊಡಗುವುದೂ ಸೆಪ್ಟೆಂಬರ್‌ನಲ್ಲೇ.