ಪದ ಪರಿಚಯ: ಮೊಬೈಲ್ ಕಲಿಕೆ

ಫೋನು, ಟ್ಯಾಬ್‌ನಂಥ ಕೈಯಲ್ಲಿ ಹಿಡಿಯುವ ಸಾಧನಗಳನ್ನು ಬಳಸಿ ಕಲಿಯುವುದಕ್ಕೆ ಮೊಬೈಲ್ ಕಲಿಕೆ ಅಥವಾ ಎಂ-ಲರ್ನಿಂಗ್ ಅನ್ನುತ್ತಾರೆ. ಯೋಚನೆ ಹೊಸದೇನಲ್ಲ. ಪುಸ್ತಕದಷ್ಟೇ ದೊಡ್ಡದಾದ, ಮಕ್ಕಳು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಕಂಪ್ಯೂಟರ್ ಹೇಗಿರಬೇಕೆಂದು ಅಮೆರಿಕದ ವಿಜ್ಞಾನಿ ಅಲನ್ ಕೇ 1972ರಲ್ಲೇ ಬರೆದಿದ್ದರು.

ನಮ್ಮ ಮಲೆನಾಡಿನಲ್ಲಿ ಈ ಮಾತು ಎತ್ತಿದರೆ ಕೊರೊನಾ ಕಾಲದ ಆನ್‌ಲೈನ್ ಕ್ಲಾಸೇ ನೆನಪಾಗುತ್ತದೆ, ಅಲ್ವಾ? ಹೊಸನಗರ, ಸಾಗರ, ತೀರ್ಥಹಳ್ಳಿಯ ಒಳಹಳ್ಳಿಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕುತ್ತಾ ಗುಡ್ಡ ಹತ್ತಿದರು. ಅದು ಬೇರೆ ದಾರಿ ಇಲ್ಲದೆ ಮಾಡಿಕೊಂಡ ಏರ್ಪಾಡು. ಅದನ್ನೇ ಮೊಬೈಲ್ ಕಲಿಕೆ ಅಂದುಕೊಂಡು ಫೋನನ್ನು ಪೂರ್ತಿ ದೂರ ಇಟ್ಟರೆ ನಷ್ಟ ಮಕ್ಕಳಿಗೇ. ಮೇಷ್ಟ್ರು ಎದುರಿಗೇ ಇರುವಾಗ, ನೆಟ್‌ವರ್ಕ್ ಇಲ್ಲದಿದ್ದರೂ, ಫೋನಿನಿಂದ ಮಾಡಬಹುದಾದದ್ದು ಬೇಕಾದಷ್ಟಿದೆ.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ ಎಂದು ಹೈಸ್ಕೂಲ್ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದನ್ನು ಶಾಲೆಯ ಜಗಲಿಯಲ್ಲೇ ಅಳೆದು ನೋಡಬಹುದು. ಫೈಫಾಕ್ಸ್ ಅಂತ ಒಂದು ಉಚಿತ ಆ್ಯಪ್ ಇದೆ, ಜರ್ಮನಿಯ ಆಖನ್ ನಗರದ ವಿಶ್ವವಿದ್ಯಾಲಯದವರು ಮಾಡಿದ್ದು. ಒಂದು ಶಬ್ದಕ್ಕೆ ಶುರುವಾಗಿ ಮುಂದಿನ ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್ ಅದರಲ್ಲಿದೆ. ಎರಡು ಫೋನುಗಳನ್ನು ಟೇಪಿನಲ್ಲಿ ಅಳೆದು 5 ಮೀಟರ್ ದೂರದಲ್ಲಿಡಿ. ಮೊದಲ ಫೋನಿನ ಪಕ್ಕ ಒಬ್ಬರು ಜೋರಾಗಿ ಚಪ್ಪಾಳೆ ಹೊಡೆಯಲಿ. ಆ ಫೋನು ತಕ್ಷಣ ಓಡತೊಡಗುತ್ತದೆ, ಆಚೆಯದು ಶಬ್ದ ಅಲ್ಲಿಗೆ ಮುಟ್ಟಿದ ಮೇಲೆ. ಆಮೇಲೆ ಆಚೆ ಫೋನಿನ ಪಕ್ಕ ಇನ್ನೊಬ್ಬರ ಚಪ್ಪಾಳೆ. ಈಗ ಆಚೆಯದು ಮೊದಲು ನಿಲ್ಲುತ್ತದೆ, ಈಚೆಯದು ಆಮೇಲೆ. ಎರಡೂ ತೋರಿಸುವ ಸಮಯದ ವ್ಯತ್ಯಾಸ ಅಂದರೆ ಶಬ್ದ 5 ಮೀಟರ್ ಹೋಗಿ 5 ಮೀಟರ್ ಬರಲು ಬೇಕಾದ ಸಮಯ. ಅದು 0.029 ಸೆಕೆಂಡಿನ ಆಸುಪಾಸು ಇರಬೇಕು. 10ನ್ನು ಅದರಿಂದ ಭಾಗಿಸಿ: 345ರ ಹತ್ತಿರ ಬರುತ್ತದೆ!

ಪ್ರತಿ ಸಲ ಸರಿ ಬರುವುದಿಲ್ಲ. ಪಕ್ಕದ ಕ್ಲಾಸಿನ ಗಲಾಟೆಗೋ, ಹಂಚಿನ ಮೇಲೆ ಬೀಳುವ ಮಳೆಗೋ ವಾಚು ತಾನಾಗಿ ಓಡಿಬಿಡುತ್ತದೆ. ಹಾಗಾಗಿ ಆಷಾಢದ ಜಡಿಮಳೆಯಲ್ಲಿ ಈ ಪ್ರಯೋಗ ಬೇಡ. ಆದರೆ ಲೆಕ್ಕ ಯಾಕೆ ತಪ್ಪಿತು, ಫೋನು ಸರಿದಿತ್ತಾ, ಚಪ್ಪಾಳೆ ಸಣ್ಣದಾಯ್ತಾ ಎಂದು ಮಕ್ಕಳು ವಾದಕ್ಕೆ ಇಳಿಯುತ್ತಾರಲ್ಲ, ಅದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ನನಗೆ ಗೊತ್ತಿಲ್ಲ.

ಇನ್ನು ಎಲ್ಲರಿಗೂ ಗೊತ್ತಿರುವ ದೀಕ್ಷಾ ಆ್ಯಪ್. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ್ದು. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಒಮ್ಮೆ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಬೇಡ. ನಮ್ಮ ಕಡೆಗೆ ಮುಖ್ಯವಾದ ಅನುಕೂಲ ಇದೇ.

ಪ್ರತಿ ಮಗುವಿನ ಕೈಗೂ ಫೋನು ಕೊಡಬೇಕು ಅಂತ ನಾನು ಹೇಳುತ್ತಿಲ್ಲ. ಸುಮ್ನೆ ಕೈಯಲ್ಲಿದ್ದರೆ ಅದು ಗಮನವನ್ನೇ ತಿನ್ನುತ್ತದೆ. ಶಾಲೆಯಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿದ ದೇಶಗಳು ಕಾಲು ಭಾಗಕ್ಕೂ ಕಡಿಮೆ ಎಂದು ಯುನೆಸ್ಕೊ 2023ರಲ್ಲಿ ಹೇಳಿತ್ತು. ಆಮೇಲೆ ಅಂಥ ದೇಶಗಳು ಜಾಸ್ತಿಯಾಗಿವೆ. ಅವರ ಆತಂಕದಲ್ಲಿ ಹುರುಳಿದೆ. ಅದೂ ಅಲ್ಲದೆ ಎಷ್ಟೋ ಮನೆಗಳಲ್ಲಿ ಇರುವುದೇ ಒಂದು ಫೋನು, ಅದು ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋಗಿರುತ್ತದೆ. ಮನೆಯಿಂದ ತನ್ನಿ ಅಂದರೆ ಇಲ್ಲದ ಮಕ್ಕಳು ಮುದುಡುತ್ತಾರೆ.

ಮೇಲಿನ ಪ್ರಯೋಗಕ್ಕೆ ಬೇಕಾದದ್ದು ಎರಡೇ ಫೋನು. ಮೇಷ್ಟ್ರದ್ದೊಂದು, ಹೆಡ್ ಮೇಷ್ಟ್ರದ್ದೊಂದು ಸಾಕು. ಶಿವಮೊಗ್ಗಕ್ಕೋ ತಾಲೂಕು ಕೇಂದ್ರಕ್ಕೋ ಹೋದಾಗ ಆ್ಯಪ್ ಇಳಿಸಿಕೊಂಡು ಬನ್ನಿ. ಶುರು ಮಾಡುವ ಮುಂಚೆ ಏರೋಪ್ಲೇನ್ ಮೋಡ್‌ಗೆ ಹಾಕಿ, ನಡುವೆ ಕರೆ ಬಂದರೆ ಅಳತೆ ಕೆಡುತ್ತದೆ. ಒಬ್ಬರು ಟೇಪ್ ಹಿಡಿಯಲಿ, ಇಬ್ಬರು ಚಪ್ಪಾಳೆ ಹೊಡೆಯಲಿ, ಉಳಿದವರು ಲೆಕ್ಕ ಬರೆಯಲಿ. ಮುಂದಿನ ಸುತ್ತಿಗೆ ಕೆಲಸ ಬದಲಾಯಿಸಿ.